ಹೊಗೆ ಚಹಾ: ಯಾವುದನ್ನು ಆರಿಸಬೇಕು, ಹೇಗೆ ರುಚಿ ನೋಡಬೇಕು

ಹೊಗೆ ಚಹಾದ ಡಬ್ಬಿಯ ಮುಚ್ಚಳ ತೆಗೆದರೆ ಮೂಗಿಗೆ ಮೊದಲು ಸಿಗುವುದು ಹೊಗೆಯೊಂದೇ. ಹೆಚ್ಚಿನವರು ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಕೆಲವರಿಗೆ ಅದು ಸೊಗಸು, ಕೆಲವರಿಗೆ ಸುಟ್ಟ ಹಗ್ಗ. ಎರಡೂ ಅವಸರದ ಮಾತು. ಹೊಗೆಯ ಹೆಚ್ಚಿನ ಭಾಗ ಕೂತಿರುವುದು ಎಲೆಯ ಮೈಮೇಲೆ. ಅದು ಎಲ್ಲಕ್ಕಿಂತ ಮೊದಲು ಬಂದು ಎಲ್ಲಕ್ಕಿಂತ ಮೊದಲೇ ಹೋಗುತ್ತದೆ. ಅದು ಸರಿದ ಮೇಲೆ ಬಟ್ಟಲಲ್ಲಿ ಏನು ಉಳಿಯಿತು, ಸಿಹಿಯೋ ಬರೀ ಒಗರೋ ಖಾಲಿ ನೀರೋ ಎಂಬುದನ್ನು ನೋಡಿ ಚಹಾ ಆರಿಸಬೇಕು. ಈ ಬರಹದಲ್ಲಿ ಪ್ರತಿಯೊಂದು ಚಹಾವನ್ನೂ ಅಳೆದಿರುವುದು ಅದೇ ಅಳತೆಗೋಲಿನಿಂದ.

ಮೊದಲು ಹೊಗೆ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಬೇಕು. ಮಾರುಕಟ್ಟೆಯಲ್ಲಿ ‘ಸ್ಮೋಕಿ’ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಹಸಿ ಎಲೆಯನ್ನು ಬಾಡಿಸುವಾಗಲೂ ಕೊನೆಗೆ ಒಣಗಿಸುವಾಗಲೂ ಪೈನ್ ಸೌದೆಯ ಹೊಗೆ ಕೊಟ್ಟು ಮಾಡಿದ ಚಹಾ ಒಂದು. ಎಲ್ಲೋ ತಯಾರಾದ ಸಾಧಾರಣ ಕಪ್ಪು ಚಹಾಕ್ಕೆ ಆಮೇಲೆ ಹೊಗೆ ಹಾಕಿದ್ದು ಇನ್ನೊಂದು. ಹೊಗೆಯಾಡಿಸಿದ ಚಹಾವನ್ನು ಹೊಗೆಯಿಲ್ಲದ ಚಹಾದೊಡನೆ ಬೆರೆಸಿದ ಮಿಶ್ರಣ ಮೂರನೆಯದು. ಹೊಗೆಯ ಪರಿಮಳ ದ್ರವ ಸಿಂಪಡಿಸಿದ್ದು ನಾಲ್ಕನೆಯದು. ಇವಲ್ಲದೆ ತಪ್ಪಿನಿಂದ ಬರುವ ಹೊಗೆಯೂ ಉಂಟು. ಒಣಗಿಸುವ ಯಂತ್ರದ ಕುಲುಮೆಯಲ್ಲಿ ಬಿರುಕು ಬಿಟ್ಟು ಹೊಗೆ ಒಳಗೆ ಸೋರಿದರೆ ಚಹಾ ಕೆಡುತ್ತದೆ, ರುಚಿ ಪರೀಕ್ಷಕರು ಅದನ್ನು ದೋಷವೆಂದೇ ಬರೆಯುತ್ತಾರೆ. ಹೆಸರಿನಲ್ಲಿ ಹೊಗೆಯ ಸುಳಿವೇ ಇಲ್ಲದ ಚಹಾದಲ್ಲಿ ಮಂಕಾದ, ಮಸಿಯಂಥ ವಾಸನೆ ಸಿಕ್ಕಿದರೆ ಅದನ್ನು ವಿಶೇಷವೆಂದು ಮೆಚ್ಚಿಕೊಳ್ಳಬೇಕಾಗಿಲ್ಲ.

ಟೊಂಗ್‌ಮುವಿನ ಲಾಪ್‌ಸಾಂಗ್ ಸೂಚಾಂಗ್

ಹೊಗೆ ಚಹಾ ಎಂದರೆ ಮೊದಲು ನೆನಪಾಗುವ ಹೆಸರು ಲಾಪ್‌ಸಾಂಗ್ ಸೂಚಾಂಗ್. ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳ ನಡುವಿನ ಟೊಂಗ್‌ಮು ಎಂಬ ಊರು ಅದರ ಮೂಲ. ಅಲ್ಲಿಯವರು ಕರೆಯುವ ಹೆಸರು ಝೆಂಗ್‌ಶಾನ್ ಷಿಯಾವ್‌ಝೋಂಗ್. ‘ಝೆಂಗ್‌ಶಾನ್’ ಎಂದರೆ ಅಸಲಿ ಬೆಟ್ಟ, ‘ಷಿಯಾವ್‌ಝೋಂಗ್’ ಎಂದರೆ ಸಣ್ಣ ತಳಿ. ಈ ಎರಡನೆಯ ಮಾತೇ ಪಶ್ಚಿಮದವರ ಬಾಯಲ್ಲಿ ಸೂಚಾಂಗ್ ಆಯಿತು. ಕಪ್ಪು ಚಹಾಗಳಲ್ಲೇ ಇದು ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ.

ಹಳೆಯ ಪದ್ಧತಿಯಲ್ಲಿ ಇದಕ್ಕೆಂದೇ ಮರದ ಮಹಡಿ ಕಟ್ಟಡವಿರುತ್ತದೆ. ಕೆಳಗೆ ಪೈನ್ ಸೌದೆ ಉರಿಯುತ್ತದೆ. ಸಂದು ಬಿಟ್ಟು ಜೋಡಿಸಿದ ಹಲಗೆಗಳ ಮೂಲಕ ಬಿಸಿಯೂ ಹೊಗೆಯೂ ಮೇಲೇರಿ, ಬಿದಿರಿನ ಚಾಪೆಗಳ ಮೇಲೆ ಹರಡಿದ ಹಸಿ ಎಲೆಯನ್ನು ಬಾಡಿಸುತ್ತವೆ. ಎಲೆಯನ್ನು ಹೊಸೆದು, ಕಂದು ಬಣ್ಣಕ್ಕೆ ತಿರುಗಲು ಬಿಟ್ಟು, ಬಿಸಿ ಬಾಣಲೆಯಲ್ಲಿ ಒಮ್ಮೆ ಆಡಿಸಿ, ಮತ್ತೆ ಹೊಸೆದು, ಆಮೇಲೆ ಕೆಳ ಅಂತಸ್ತಿನಲ್ಲಿ ಹೊಗೆಯ ಮೇಲೆಯೇ ಗಂಟೆಗಟ್ಟಲೆ ಒಣಗಿಸುತ್ತಾರೆ. ಎಲೆ ತೇವವಾಗಿರುವಾಗಲೇ ಹೊಗೆ ತಾಗುವುದರಿಂದ ಅದು ಎಲೆಯೊಳಗಿನ ಸಿಹಿಯ ಜೊತೆ ಬೆರೆತಂತೆ ರುಚಿಸುತ್ತದೆ, ಮೇಲೆ ಬಳಿದಂತೆ ಅಲ್ಲ. ಈ ಚಹಾದ ಪರಿಮಳದಲ್ಲಿ ಮುಖ್ಯವಾದವು ಲಾಂಗಿಫೋಲೀನ್ ಮತ್ತು ಆಲ್ಫಾ ಟರ್ಪಿನಿಯಾಲ್. ಎರಡೂ ಪೈನ್ ಮರದ ರಾಳದ ಸಂತತಿ. ಗ್ವಾಯಕಾಲ್‌ನಂಥ ಫೀನಾಲ್‌ಗಳು ಸೌದೆಯ ಲಿಗ್ನಿನ್ ಸುಟ್ಟಾಗ ಹುಟ್ಟುತ್ತವೆ. ಬೂದಿ, ಧೂಮ, ಔಷಧಿಯ ಕಡೆಗೆ ವಾಲುವ ವಾಸನೆ ಅವುಗಳದು. ರಾಳದ ಪಾಲು ಮುಂದಿದ್ದರೆ ಚಹಾ ಧೂಪದಂತೆ ಕಮ್ಮಗಿರುತ್ತದೆ. ಫೀನಾಲ್ ಮುಂದಾದರೆ ಗಂಟಲು ಕೆರೆಯುತ್ತದೆ.

ಚೀನೀ ಪರೀಕ್ಷಕರು ಇದನ್ನು ಎರಡೇ ಮಾತಿನಲ್ಲಿ ಹೇಳುತ್ತಾರೆ: ಪೈನ್ ಹೊಗೆಯ ಘಮ, ಲಾಂಗನ್ ಹಣ್ಣಿನ ರಸ. ಲಾಂಗನ್ ಅಂದರೆ ಲಿಚಿಯ ದಾಯಾದಿ, ಒಣಗಿದಾಗ ಒಣದ್ರಾಕ್ಷಿಗೂ ಖರ್ಜೂರಕ್ಕೂ ನಡುವಿನ ಸಿಹಿ. ಒಳ್ಳೆಯ ಟೊಂಗ್‌ಮು ಚಹಾದಲ್ಲಿ ಈ ಎರಡನೆಯದು ಸಿಕ್ಕೇ ಸಿಗಬೇಕು. ಅದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಿ ಸೋಸುವಾಗ ಮೊದಲ ಎರಡು ಸುತ್ತುಗಳಲ್ಲಿ ಹೊಗೆ ಮುಂದೆ ಇರುತ್ತದೆ. ಮೂರನೆಯದರಿಂದ ಅದು ಹಿಂದೆ ಸರಿದು ಹಣ್ಣಿನ ಸಿಹಿ ಮುಂದೆ ಬರುತ್ತದೆ. ಒಗರು ಕಡಿಮೆ, ಬಾಯಲ್ಲಿ ಮೃದು, ನುಂಗಿದ ಮೇಲೆ ಮೂಗಿನ ಹಿಂಬದಿಯಲ್ಲಿ ತಣ್ಣನೆಯ ಪೈನ್. ಹಾಲಿಲ್ಲದೆ ನಿಧಾನವಾಗಿ ಕುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಬೆಲೆ ಹೆಚ್ಚು, ನಕಲಿಯೂ ಹೆಚ್ಚು.

ಟಾರಿ ಸೂಚಾಂಗ್

ಟೊಂಗ್‌ಮುವಿನ ಆಚೆ ಬೆಳೆದ ಎಲೆಯಿಂದ ಮಾಡಿದ ಕಪ್ಪು ಚಹಾಕ್ಕೆ ಆಮೇಲೆ ಪೈನ್ ಹೊಗೆಯನ್ನು ದಟ್ಟವಾಗಿ ಹಾಕಿದರೆ ಸಿಗುವುದು ವ್ಯಾಪಾರದಲ್ಲಿ ‘ಟಾರಿ’ ಎನ್ನುವ ಬಗೆ. ಲಾಪ್‌ಸಾಂಗ್ ಎಂಬ ಹೆಸರಿನಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದು ಇದೇ. ತೈವಾನ್‌ನಲ್ಲಿ ಮಾಡಿದವು ಇನ್ನೂ ಖಾರವಾದ ಹೊಗೆಯವು. ಡಾಂಬರು, ಸುಟ್ಟ ಮರ, ಹಡಗಿನ ಹಗ್ಗ, ಹೊಗೆಯಲ್ಲಿ ಒಣಗಿಸಿದ ಮಾಂಸ ಎಂದೆಲ್ಲ ಜನ ಹೇಳುವುದು ಇಂಥದ್ದನ್ನು ಕುಡಿದೇ.

ಇದನ್ನು ಕೀಳೆಂದು ತಳ್ಳಿಹಾಕಬೇಕಿಲ್ಲ. ಹಾಲು ಹಾಕಿದರೂ ಹೊಗೆ ಅಡಗುವುದಿಲ್ಲ, ಮಿಶ್ರಣಕ್ಕೆ ಚಿಟಿಕೆಯಷ್ಟು ಸಾಕು, ಅಡುಗೆಯಲ್ಲಿ ಹೊಗೆಯ ರುಚಿ ತರಲು ಇದೇ ಸರಿ. ದುಬಾರಿ ಟೊಂಗ್‌ಮು ಎಲೆಯನ್ನು ಅದಕ್ಕೆ ಬಳಸುವುದು ದಂಡ. ತೊಂದರೆ ಇರುವುದು ಮೂರನೆಯ ಸುತ್ತಿನಲ್ಲಿ. ಹೊಗೆ ಇಳಿದಾಗ ಕೆಳಗೆ ಏನೂ ಇರುವುದಿಲ್ಲ, ತೆಳ್ಳನೆಯ ಕಂದು ನೀರು, ಒಂದಿಷ್ಟು ಒಗರು. ಹಾಗಾಗಿ ಇದನ್ನು ದೊಡ್ಡ ಪಾತ್ರೆಯಲ್ಲಿ ಒಂದೇ ಸಲ ಕುದಿನೀರು ಹಾಕಿ ಮಾಡುವುದೇ ಲೇಸು. ಇನ್ನೊಂದು ಮಾತು: ಹೊಗೆ ಹೆಚ್ಚಿದ್ದರೆ ಕೆಫೀನ್ ಹೆಚ್ಚು ಎಂಬ ಭಾವನೆ ಬಹಳ ಜನರಲ್ಲಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ.

ಹೊಗೆಯಿಲ್ಲದ ಲಾಪ್‌ಸಾಂಗ್

ಹೆಸರು ನೋಡಿ ಕೊಂಡು, ಕುಡಿದು, ‘ಹೊಗೆಯೇ ಇಲ್ಲವಲ್ಲ’ ಎಂದು ಕಕ್ಕಾಬಿಕ್ಕಿಯಾಗುವವರು ಕಡಿಮೆಯೇನಲ್ಲ. ಟೊಂಗ್‌ಮುವಿನಲ್ಲೇ ಈಗ ಹೊಗೆ ತಾಗಿಸದೆ ಒಣಗಿಸಿದ ಝೆಂಗ್‌ಶಾನ್ ಷಿಯಾವ್‌ಝೋಂಗ್ ಧಾರಾಳವಾಗಿ ಮಾಡುತ್ತಾರೆ. ಜೇನು, ಗೆಣಸು, ಹಣ್ಣಿನ ಕಡೆಯ ರುಚಿ. 2005ರಲ್ಲಿ ಅಲ್ಲೇ ಹುಟ್ಟಿದ ಜಿನ್ ಜುನ್ ಮೇಯಿ ಕೂಡ ಹೊಗೆಯಿಲ್ಲದ್ದು, ಬರೀ ಮೊಗ್ಗಿನಿಂದ ಮಾಡಿದ್ದು. ಹೊಗೆಗಾಗಿ ಬಂದವರು ಇದನ್ನು ಕೊಳ್ಳಬಾರದು. ಆದರೆ ಹೋಲಿಸಿ ನೋಡಲು 10 ಗ್ರಾಂ ಇಟ್ಟುಕೊಂಡರೆ ಲಾಭವಿದೆ. ಹೊಗೆ ತೆಗೆದರೆ ಈ ಎಲೆಯ ಸ್ವಂತ ರುಚಿ ಏನು ಎಂಬುದು ನಾಲಿಗೆಗೆ ತಿಳಿದಿದ್ದರೆ ಹೊಗೆಯ ಚಹಾದಲ್ಲಿ ಅದನ್ನು ಹುಡುಕುವುದು ಸುಲಭ.

ರಷ್ಯನ್ ಕ್ಯಾರವಾನ್, ಕೀಮುನ್

ಕ್ಯಾರವಾನ್ ಒಂದು ಮಿಶ್ರಣದ ಹೆಸರು, ಒಂದು ಚಹಾದ ಹೆಸರಲ್ಲ. 1727ರ ಕ್ಯಾಖ್ತಾ ಒಪ್ಪಂದದ ನಂತರ ಚೀನಾದಿಂದ ರಷ್ಯಾಕ್ಕೆ ಒಂಟೆಗಳ ಮೇಲೆ ಚಹಾ ಸಾಗುತ್ತಿತ್ತು. ದಾರಿಯಲ್ಲಿ ರಾತ್ರಿ ಹಾಕಿದ ಬೆಂಕಿಯ ಹೊಗೆಯನ್ನು ಪೆಟ್ಟಿಗೆಯೊಳಗಿನ ಎಲೆ ಹೀರಿಕೊಂಡಿತು ಎಂಬುದು ಕೇಳಲು ಚೆಂದದ ಕಥೆ. ಇಂದಿನ ಪೊಟ್ಟಣದಲ್ಲಿರುವ ಹೊಗೆ ಬರುವುದು ಅದರಲ್ಲಿ ಬೆರೆಸಿದ ಲಾಪ್‌ಸಾಂಗ್‌ನಿಂದ. ಕೀಮುನ್ ಎಂಬ ಚೀನೀ ಕಪ್ಪು ಚಹಾ ತಳಹದಿ, ಜೊತೆಗೆ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆಯಾದ ಊಲಾಂಗ್, ಸ್ವಲ್ಪ ಲಾಪ್‌ಸಾಂಗ್ ಎಂಬುದು ರೂಢಿ. ನಿಗದಿತ ಸೂತ್ರವಿಲ್ಲವಾದ್ದರಿಂದ ಒಬ್ಬರ ಕ್ಯಾರವಾನ್‌ಗೂ ಇನ್ನೊಬ್ಬರದಕ್ಕೂ ಅಜಗಜಾಂತರ. ಹೊಗೆ ಚಹಾ ಇದೇ ಮೊದಲ ಸಲ ಎನ್ನುವವರು ಇಲ್ಲಿಂದ ಶುರು ಮಾಡುವುದು ಕ್ಷೇಮ.

ಅದಕ್ಕಿಂತ ಒಳ್ಳೆಯದು ಮನೆಯಲ್ಲೇ ಬೆರೆಸಿಕೊಳ್ಳುವುದು. 9 ಗ್ರಾಂ ಕೀಮುನ್‌ಗೆ 1 ಗ್ರಾಂ ಟಾರಿ ಸೂಚಾಂಗ್ ಹಾಕಿ ನೋಡಿ. ಹೊಗೆ ಸಾಲದೆನಿಸಿದರೆ 8ಕ್ಕೆ 2. ಕಾಲು ಭಾಗ ದಾಟಿದರೆ ಕೀಮುನ್ ಕಾಣೆಯಾಗುತ್ತದೆ. ಎರಡೂ ಎಲೆಗಳ ಗಾತ್ರ ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಸಣ್ಣ ಚೂರುಗಳು ಡಬ್ಬಿಯ ತಳ ಸೇರಿ, ಮೊದಲ ವಾರ ಒಂದು ರುಚಿ ಕೊನೆಯ ವಾರ ಇನ್ನೊಂದು ರುಚಿ. ಬೆರೆಸಿ ಒಂದು ವಾರ ಮುಚ್ಚಿಟ್ಟರೆ ಹೊಗೆ ಎಲ್ಲ ಎಲೆಗೂ ಹಬ್ಬುತ್ತದೆ.

ಕೀಮುನ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಆನ್‌ಹುಯಿ ಪ್ರಾಂತ್ಯದ ಚೀಮೆನ್ ಸೀಮೆಯಲ್ಲಿ 1875ರ ಸುಮಾರಿಗೆ ಶುರುವಾದ ಈ ಚಹಾವನ್ನು ಹಲವರು ‘ಸ್ಮೋಕಿ’ ಎಂದು ಬಣ್ಣಿಸುತ್ತಾರೆ. ಇದಕ್ಕೆ ಹೊಗೆ ಹಾಕುವುದಿಲ್ಲ. ಹೂವು, ಕೋಕೋ, ಒಣಹಣ್ಣಿನ ನಡುವೆ ಆರಿದ ದೀಪದ ಬತ್ತಿಯಂಥ ಒಂದು ಎಳೆ ಕಾಣಿಸಿಕೊಳ್ಳಬಹುದು, ಅಷ್ಟೇ. ಆ ಎಳೆಯೇ ಸಾಕೆನ್ನುವವರಿಗೆ ಲಾಪ್‌ಸಾಂಗ್ ಬೇಕಾಗಿಯೇ ಇಲ್ಲ.

ಇದ್ದಿಲ ಬಿಸಿಯಲ್ಲಿ ಹುರಿದ ವೂಯಿ ಊಲಾಂಗ್, ಜಪಾನಿನ ಹೋಜಿಚಾ ಇವನ್ನೂ ಹೊಗೆ ಚಹಾ ಎಂದು ಮಾರುವುದುಂಟು. ಅವುಗಳ ರುಚಿ ಹುರಿದದ್ದರಿಂದ ಬಂದದ್ದು, ಕಪ್ಪು ಚಹಾವೂ ಅಲ್ಲ. ಪರಿಮಳ ದ್ರವ ಹಾಕಿದ ಚೀಲದ ಚಹಾಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮೊದಲ ಗುಟುಕಿಗೂ ಕೊನೆಯ ಗುಟುಕಿಗೂ ವ್ಯತ್ಯಾಸ ಕಾಣದಿದ್ದರೆ, ಆರಿದ ಬಟ್ಟಲಿನಿಂದಲೂ ಅದೇ ಏಕತಾನದ ವಾಸನೆ ಬರುತ್ತಿದ್ದರೆ ಅದು ಬಾಟಲಿಯ ಹೊಗೆ ಎಂದು ಅನುಮಾನಿಸಬಹುದು.

ಪಕ್ಕಪಕ್ಕ ಇಟ್ಟು ರುಚಿ ನೋಡುವುದು

ಬೇರೆ ಬೇರೆ ದಿನ ಕುಡಿದು ನೆನಪಿನಿಂದ ಹೋಲಿಸಿದರೆ ಹೊಗೆ ಚಹಾದಲ್ಲಿ ಖಂಡಿತ ಮೋಸಹೋಗುತ್ತೇವೆ. ಮೂಗು ಹೊಗೆಗೆ ಬಹಳ ಬೇಗ ಒಗ್ಗಿಕೊಳ್ಳುತ್ತದೆ, ಕೆಲವೇ ನಿಮಿಷದಲ್ಲಿ ಅದರ ಅರಿವೇ ಕುಂದುತ್ತದೆ. ಹಾಗಾಗಿ ಮೂರು ಮಾದರಿ ಸಾಕು, ನಾಲ್ಕು ಹೆಚ್ಚಾಯಿತು. ಯಾವಾಗಲೂ ಹೊಗೆಯಿಲ್ಲದ್ದು ಮೊದಲು, ಕಡಿಮೆಯದ್ದು ಆಮೇಲೆ, ಟಾರಿ ಕೊನೆಗೆ. ಕ್ರಮ ತಿರುಗಿಸಿದರೆ ಕೀಮುನ್ ಬಿಸಿನೀರಿನಂತೆ ಕಾಣುತ್ತದೆ.

ಒಂದೇ ಗಾತ್ರದ ಬಿಳಿ ಪಿಂಗಾಣಿ ಬಟ್ಟಲು, 0.1 ಗ್ರಾಂ ತೋರಿಸುವ ತಕ್ಕಡಿ, ಗಡಿಯಾರ ಬೇಕು. ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ದಪ್ಪ ಸುರುಳಿಯ ಲಾಪ್‌ಸಾಂಗ್ ಒಂದು ಚಮಚಕ್ಕೆ ತೂಗುವುದಕ್ಕಿಂತ ಸಣ್ಣೆಲೆಯ ಕೀಮುನ್ ಹೆಚ್ಚು ತೂಗುತ್ತದೆ. ಐಎಸ್ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದು 100 ಮಿಲಿ ನೀರಿಗೆ 2 ಗ್ರಾಂ ಎಲೆ, ಕುದಿನೀರು, 6 ನಿಮಿಷ. ಕುಡಿಯಲು ಇದು ಗಡಸು. ಆದರೆ ಉದ್ದೇಶ ಸುಖವಲ್ಲ, ಚಹಾದ ಕುಂದುಗಳನ್ನು ಹೊರಗೆಳೆಯುವುದು. ಮೃದುವಾಗಿ ಮಾಡಿದಾಗ ಒಳ್ಳೆಯದೆನಿಸಿದ ಚಹಾ ಇಲ್ಲಿ ಬೂದಿಯಂತೆ ಕಹಿಯಾದರೆ ಅದರ ಬಂಡವಾಳ ಗೊತ್ತಾಗುತ್ತದೆ.

ಸೋಸಿದ ಕೂಡಲೇ ಒದ್ದೆ ಎಲೆಯನ್ನು ಮೂಸಿ. ಒಣ ಎಲೆಗಿಂತ ಅದು ಹೆಚ್ಚು ನಿಜ ಹೇಳುತ್ತದೆ. ಆಮೇಲೆ ಸಹಿಸುವಷ್ಟು ಬಿಸಿಗಿಳಿದಾಗ ಒಂದು ಚಮಚವನ್ನು ಸೊರ್ರೆಂದು ಗಾಳಿಯ ಸಮೇತ ಎಳೆದುಕೊಳ್ಳಬೇಕು. ಸದ್ದು ಬಂದರೆ ಬರಲಿ. ಹೊಗೆಯ ರುಚಿ ಎಂದು ನಾವು ಹೇಳುವುದರಲ್ಲಿ ಬಹುಪಾಲು ಬಾಯಿಯ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ. ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟಾಗ ಸಿಗುವುದನ್ನು ಬರೆದುಕೊಳ್ಳಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ. ಬಿಸಿಯಿದ್ದಾಗ ಹೊಗೆ ಆವಿಯ ಜೊತೆ ಎದ್ದು ಉಳಿದದ್ದನ್ನೆಲ್ಲ ಮರೆಮಾಡಿರುತ್ತದೆ. ಆರಿದ ಬಟ್ಟಲಿಗೆ ಆ ಮರೆ ಇಲ್ಲ, ಸಿಹಿಯಿದ್ದರೆ ಈಗ ತೋರುತ್ತದೆ. ಮಾದರಿಗಳ ನಡುವೆ ಬಿಸಿನೀರಿನಿಂದ ಬಾಯಿ ಮುಕ್ಕಳಿಸಿ, ಎರಡು ನಿಮಿಷ ಕಿಟಕಿಯ ಗಾಳಿಗೆ ನಿಂತು ಬಂದರೆ ಮೂಗು ಚೇತರಿಸಿಕೊಳ್ಳುತ್ತದೆ.

ಬರೆದುಕೊಳ್ಳಲು ಪರಭಾಷೆಯ ಪಟ್ಟಿಗಳನ್ನು ಹುಡುಕಬೇಕಾಗಿಲ್ಲ. ಸುಟ್ಟ ವಾಸನೆಗಳಿಗೆ ಕನ್ನಡದಲ್ಲಿರುವ ಪದಗಳೇ ಕೆಲಸವನ್ನು ಅರ್ಧ ಮಾಡಿಕೊಡುತ್ತವೆ. ಮೂಗನ್ನು ಚುಚ್ಚಿ ಕೆಮ್ಮು ಬರಿಸುವಂತಿದ್ದರೆ ಘಾಟು: ಸೌದೆ ಹಸಿಯಾಗಿತ್ತು ಅಥವಾ ಹೊಗೆ ಅತಿಯಾಯಿತು. ಸುಟ್ಟು ಕರಿಯಾದ ವಾಸನೆ ಕಮರು. ಸೀದ ವಾಸನೆ ಎಂದರೆ ಒಣಗಿಸುವಾಗ ಬಿಸಿ ಮಿತಿಮೀರಿ ಎಲೆಯೇ ಬೆಂದುಹೋಗಿದೆ. ಹೊಗೆಗೂ ಇದಕ್ಕೂ ಸಂಬಂಧವಿಲ್ಲ, ಎಷ್ಟು ಸುತ್ತು ನೀರು ಹಾಕಿದರೂ ಹೋಗುವುದೂ ಇಲ್ಲ. ಮುಗ್ಗಲು ವಾಸನೆ ತೇವದ ಗುರುತು, ಹೊಗೆಯ ಕೆಳಗೆ ಅಡಗಿಕೊಂಡಿರುತ್ತದೆ, ಒದ್ದೆ ಎಲೆಯಲ್ಲಿ ಸಿಕ್ಕಿಬೀಳುತ್ತದೆ. ನಮಗೆ ಬೇಕಾದದ್ದು ಧೂಪದಂಥ, ರಾಳದಂಥ ಘಮ. ಇನ್ನು ಒಗರನ್ನೂ ಕಹಿಯನ್ನೂ ಕಲಸಬಾರದು. ಒಗರು ಕೆನ್ನೆಯ ಒಳಭಾಗವನ್ನು ಬಿಗಿಯುವ ಸ್ಪರ್ಶ, ಎಲೆಯ ಪಾಲಿಫೀನಾಲ್‌ಗಳ ಕೆಲಸ. ಕಹಿ ನಾಲಿಗೆಯ ರುಚಿ. ಗಂಟಲ ಕೆರೆತ ಇವೆರಡೂ ಅಲ್ಲ, ಅದು ಒರಟು ಹೊಗೆಯದು.

ಕುಡಿಯಲೆಂದೇ ಮಾಡುವಾಗ ಅಳತೆ ಬೇರೆ. ದೊಡ್ಡ ಪಾತ್ರೆಗಾದರೆ 250 ಮಿಲಿಗೆ 2.5 ಗ್ರಾಂ, 95 ಡಿಗ್ರಿ, 3 ನಿಮಿಷ. ಟಾರಿಗೆ 2 ಗ್ರಾಂ ಸಾಕು. ಮುಚ್ಚಳದ ಚೀನೀ ಬಟ್ಟಲಾದ ಗೈವಾನ್‌ನಲ್ಲಾದರೆ 100 ಮಿಲಿಗೆ 5 ಗ್ರಾಂ, ಮೊದಲೆರಡು ಸುತ್ತು 10 ಸೆಕೆಂಡು, ಆಮೇಲೆ 15, 20, 30. ಟೊಂಗ್‌ಮು ಎಲೆಯ ಮೊದಲ ನೀರನ್ನು ತೊಳೆದು ಚೆಲ್ಲಬೇಡಿ, ದುಡ್ಡು ಕೊಟ್ಟ ಹೊಗೆಯ ಅರ್ಧ ಅದರಲ್ಲೇ ಹೋಗುತ್ತದೆ. ಟಾರಿಯ ಘಾಟು ಹೆಚ್ಚೆನಿಸಿದರೆ ಮಾತ್ರ 5 ಸೆಕೆಂಡಿನ ಒಂದು ತೊಳೆತ ಸರಿ.

ಕೆಡುವುದು ಎಲ್ಲಿ

ಆಸ್ಪತ್ರೆಯ ವಾಸನೆ ಬಂತು ಎಂಬುದು ಆಗಾಗ ಕೇಳುವ ದೂರು. ಎಲೆಯ ಮೇಲೆ ತಪ್ಪು ಹೊರಿಸುವ ಮೊದಲು ನೀರನ್ನು ನೋಡಿ. ನಲ್ಲಿ ನೀರಿನ ಕ್ಲೋರಿನ್ ಹೊಗೆಯ ಫೀನಾಲ್‌ಗಳ ಜೊತೆ ಸೇರಿದರೆ ಕ್ಲೋರೋಫೀನಾಲ್ ಆಗುತ್ತದೆ, ಅದರ ಔಷಧಿ ವಾಸನೆ ಹಿಡಿಯಲು ಎಳ್ಳಷ್ಟೂ ಬೇಕಿಲ್ಲ. ಇದ್ದಿಲು ಫಿಲ್ಟರ್‌ನಲ್ಲಿ ಸೋಸಿದ ನೀರಿನಲ್ಲಿ ಅದೇ ಎಲೆಯನ್ನು ಮತ್ತೆ ಮಾಡಿ ನೋಡಿದರೆ ಉತ್ತರ ಸಿಗುತ್ತದೆ. ಗಡಸು ನೀರಿನಲ್ಲಿ ಮೇಲೆ ಕೆನೆಯಂಥ ಪೊರೆ ಕಟ್ಟಿ ಬಣ್ಣ ಮಂಕಾಗುತ್ತದೆ, ಹೊಗೆಯೂ ಚಪ್ಪೆ.

ಹೊಗೆ ಸಾಲದೆಂದು ಹೊತ್ತು ಹೆಚ್ಚಿಸುವುದು ಇನ್ನೊಂದು ತಪ್ಪು. ಹೊಗೆ ಮೊದಲ ನಿಮಿಷದಲ್ಲೇ ಬಹುಪಾಲು ನೀರಿಗೆ ಇಳಿದಿರುತ್ತದೆ. ಆಮೇಲೆ ಬರುವುದು ಒಗರು. ಹೊಗೆ ಬೇಕಾದರೆ ಎಲೆ ಹೆಚ್ಚಿಸಿ, ಹೊತ್ತು ಹೆಚ್ಚಿಸಬೇಡಿ. ಆರಿದ ಗಟ್ಟಿ ಚಹಾ ಕದಡಿದಂತೆ ಕಂಡರೆ ಹೆದರಬೇಕಿಲ್ಲ, ಕೆಫೀನ್ ಮತ್ತು ಪಾಲಿಫೀನಾಲ್ ಸೇರಿ ಹಾಗಾಗುತ್ತದೆ, ಬಿಸಿ ಮಾಡಿದರೆ ತಿಳಿಯಾಗುತ್ತದೆ.

ಹಾಲಿನ ಪ್ರೋಟೀನು ಒಗರನ್ನು ಕಟ್ಟಿಹಾಕುತ್ತದೆ, ಕೊಬ್ಬು ಹೊಗೆಯ ಚೂಪನ್ನು ಮೊಂಡು ಮಾಡುತ್ತದೆ. ಟಾರಿಗೆ ಇದು ವರ, ಟೊಂಗ್‌ಮುವಿಗೆ ಶಾಪ. ಚಿಟಿಕೆ ಸಕ್ಕರೆ ಕ್ಯಾರವಾನ್‌ಗೆ ಒಪ್ಪುತ್ತದೆ. ನಿಂಬೆ ಹಾಕಿದರೆ ಬಣ್ಣ ತಿಳಿಯಾಗುತ್ತದೆ, ಆದರೆ ಹುಳಿ ಮತ್ತು ಡಾಂಬರು ಒಂದಾಗುವುದಿಲ್ಲ, ಬೇಡ.

ಕೊಳ್ಳುವಾಗ

ಬೆಳೆದ ಜಾಗದ ಹೆಸರು, ಕೊಯ್ದ ವರ್ಷ, ಹೊಗೆ ಹಾಕಿದ್ದೋ ಇಲ್ಲವೋ ಎಂಬ ಸ್ಪಷ್ಟ ಮಾತು, ಈ ಮೂರೂ ಪೊಟ್ಟಣದ ಮೇಲೆ ಇಲ್ಲದಿದ್ದರೆ ಅದನ್ನು ಟಾರಿ ಎಂದೇ ಎಣಿಸಿ, ಟಾರಿಯ ಬೆಲೆಯನ್ನೇ ಕೊಡಿ. ಚೀನೀಯರು ಕಪ್ಪು ಚಹಾವನ್ನು ಕೆಂಪು ಚಹಾ ಎನ್ನುತ್ತಾರೆ, ‘ಹೊಂಗ್ ಚಾ’. ಅವರ ‘ಹೇಯಿ ಚಾ’ದ ಶಬ್ದಾರ್ಥ ಕಪ್ಪು ಚಹಾ ಆದರೂ ಅದು ಹುದುಗಿಸಿದ ಬೇರೆಯೇ ಬಗೆ. ಪದಕ್ಕೆ ಪದ ಅನುವಾದಿಸಿದ ಪಟ್ಟಿಗಳಲ್ಲಿ ಇವು ಅದಲುಬದಲಾಗುತ್ತವೆ. ಮೊದಲ ಸಲ 25 ಗ್ರಾಂಗಿಂತ ಹೆಚ್ಚು ಬೇಡ.

ಹೊಗೆಯ ಜೊತೆ ಬರುವ ಬೇಡದ ವಸ್ತುಗಳ ಪ್ರಶ್ನೆಯೂ ಇದೆ. ಸೌದೆ ಅರೆಬರೆ ಉರಿದಾಗ ಆಂತ್ರಾಕ್ವಿನೋನ್ ಎಂಬುದು ಹುಟ್ಟಿ ಎಲೆಗೆ ಅಂಟುತ್ತದೆ. ಐರೋಪ್ಯ ಒಕ್ಕೂಟ ಚಹಾದಲ್ಲಿ ಅದಕ್ಕೆ ಇಟ್ಟಿರುವ ಮಿತಿ ಕಿಲೋಗೆ 0.02 ಮಿಲಿಗ್ರಾಂ. ಹೊಗೆ ಚಹಾಕ್ಕೆ ಇದನ್ನು ದಾಟದೆ ಉಳಿಯುವುದು ಕಷ್ಟ, ಅಲ್ಲಿ ಹಳೆಯ ಬಗೆಯ ಲಾಪ್‌ಸಾಂಗ್ ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ. ಹೊಗೆಯ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಎಣ್ಣೆಯಲ್ಲಿ ಕರಗುವಂಥವು, ನೀರಿಗೆ ಇಳಿಯುವುದು ಸ್ವಲ್ಪವೇ. ಎಲೆಯನ್ನೇ ಪುಡಿಮಾಡಿ ಅಡುಗೆಗೆ ಹಾಕಿದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸೋಸಿದ ಚಹಾವನ್ನೇ ಬಳಸುವುದು ಜಾಣತನ.

ತಂದ ಮೇಲೆ ಹೊಗೆ ಚಹಾಕ್ಕೆ ಬೇರೆ ಡಬ್ಬಿ, ಬೇರೆ ಕಪಾಟು. ಒಂದೇ ಕಪಾಟಿನಲ್ಲಿ ಕಾಗದದ ಪೊಟ್ಟಣದಲ್ಲಿಟ್ಟರೆ ಪಕ್ಕದ ಹಸಿರು ಚಹಾ ಕೆಲವೇ ದಿನದಲ್ಲಿ ಹೊಗೆಯಾಗಿರುತ್ತದೆ. ಮೆರುಗಿಲ್ಲದ ಮಣ್ಣಿನ ಪಾತ್ರೆಯಲ್ಲಿ ಇದನ್ನು ಮಾಡಿದರೆ ಆ ಪಾತ್ರೆ ಇದಕ್ಕೇ ಮೀಸಲು, ತೊಳೆದು ಬೇರೆಯದಕ್ಕೆ ಬಳಸುವಂತಿಲ್ಲ. ಪಿಂಗಾಣಿ, ಗಾಜು ಆದರೆ ಚಿಂತೆಯಿಲ್ಲ. ಬಿಗಿ ಮುಚ್ಚಿಟ್ಟರೂ ವರ್ಷ ಕಳೆದಂತೆ ಹೊಗೆ ಇಳಿಯುತ್ತದೆ. ಟೊಂಗ್‌ಮುವಿನದಕ್ಕೆ ಅದರಿಂದ ಹೆಚ್ಚೇನೂ ನಷ್ಟವಿಲ್ಲ, ಸಿಹಿ ಮುಂದೆ ಬರುತ್ತದೆ. ಟಾರಿಯನ್ನು ಮಾತ್ರ ವರ್ಷದೊಳಗೆ ಮುಗಿಸಿ. ಖಾಲಿಯಾದ ತಗಡಿನ ಡಬ್ಬಿಯನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು ಬಿಸಿಲಿಗಿಟ್ಟರೆ ವಾಸನೆ ಹೋಗುತ್ತದೆ, ಆದರೆ ಮುಚ್ಚಳದ ಒಳಗಿನ ರಬ್ಬರ್ ಬಳೆಯಿಂದ ಹೋಗುವುದಿಲ್ಲ. ಬೇರೆ ಚಹಾ ತುಂಬುವುದಾದರೆ ಆ ಬಳೆಯನ್ನು ಬದಲಾಯಿಸಬೇಕು.